ಬಹಳ ಚೆನ್ನಾಗಿ ನಡೆದುಕೊಂಡ ಬಾವಿ

ಅಂತರ್ಜಲದ ಕೆಲಸಕ್ಕೆ ಹೊಸದಾಗಿ ಸೇರಿರುವ ಮಕ್ಕಳೇ, ನಾನು ಎಸ್ಸೆಸ್ಸೆಲ್ಸಿ ಪಾಸಾದವನು. ಗಣಿತ ಎರಡನೇ ಸಲಕ್ಕೆ ಪಾಸಾಯಿತು. ನಾನು ಸರ್ವೀಸು ಪೂರ್ತಿ ಮಾಡಿದ ಕೆಲಸ ಏನೆಂದು ಕೇಳಿದರೆ ನಗುತ್ತೀರಿ: ಬೇರೆಯವರ ಬಾವಿಗೆ ಇಣುಕಿ ನೋಡುವುದು. ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳಲ್ಲಿ ನಮ್ಮ ಕಚೇರಿ ಕೆಲವು ಬಾವಿಗಳನ್ನು ಗೊತ್ತು ಮಾಡಿತ್ತು. ತಿಂಗಳಿಗೊಮ್ಮೆ ಒಂದೊಂದಕ್ಕೂ ಹೋಗಿ, ಕಟ್ಟೆಯ ಮೇಲೆ ಬಣ್ಣದ ಗುರುತು ಇರುವ ಕಡೆಯಿಂದ ನೀರು ಎಷ್ಟು ಕೆಳಗಿದೆ ಎಂದು ಅಳೆದು ತಿಳಿಸಬೇಕು. ತರಬೇತಿ ಶಿಬಿರ ನಡೆದಾಗ ಕುರ್ಚಿ ಹಾಕಿ, ವೈರು ಎಳೆದು, ಟೀ ತರಿಸಬೇಕು. ಇಷ್ಟೇ.

ಈ ಬರಹದಲ್ಲಿ ಒಂದು ತಪ್ಪೊಪ್ಪಿಗೆ ಇದೆ. ಅದಕ್ಕೆ ಮುಂಚೆ ನನ್ನ ಮೇಲೆ ಸ್ವಲ್ಪ ಮರುಕ ಹುಟ್ಟುವಂಥ ಸಂಗತಿಗಳನ್ನು ಹೇಳಿಬಿಡುತ್ತೇನೆ.

ನಾನು ಸೇರಿದಾಗ ನಮ್ಮ ಹತ್ತಿರ ಇದ್ದದ್ದು ಉಕ್ಕಿನ ಟೇಪು, ಸೀಮೆಸುಣ್ಣ. ಟೇಪಿನ ತುದಿಗೆ ಸೀಮೆಸುಣ್ಣ ಬಳಿದು ಬಾವಿಗೆ ಇಳಿಬಿಡುವುದು, ಮೇಲೆ ಎಳೆದಾಗ ಸುಣ್ಣ ಎಲ್ಲಿಯವರೆಗೆ ಒದ್ದೆಯಾಗಿದೆ ನೋಡುವುದು. ಸೀಮೆಸುಣ್ಣಕ್ಕೆ ಕಚೇರಿಯಲ್ಲಿ ಮಂಜೂರಾತಿ ಇರಲಿಲ್ಲ. ಹೊಳಲಿನ ಶಾಲೆಯ ಮೇಷ್ಟ್ರೊಬ್ಬರು ಕೊಡುತ್ತಿದ್ದರು. ಅವರು ವರ್ಗವಾಗಿ ಹೋದಮೇಲೆ ನನ್ನ ಹೆಂಡತಿಯ ರಂಗೋಲಿ ಪುಡಿ ಬಳಸಿದೆ. ಆ ವರ್ಷ ನಮ್ಮನೆ ಬಾಗಿಲಿಗೆ ಚುಕ್ಕಿ ಕಡಿಮೆ, ಸರ್ಕಾರಕ್ಕೆ ಅಳತೆ ಜಾಸ್ತಿ. ಆಮೇಲೆ ನೀರು ಮುಟ್ಟಿದ ಕೂಡಲೇ ಪೀಂ ಎನ್ನುವ ಯಂತ್ರ ಬಂತು. ಯಲಿಯೂರಿನ ಬಾವಿಯೊಂದರಲ್ಲಿ ಅದು ನೀರಿಗೆ ಮುಂಚೆಯೇ ಪೀಂ ಎಂದಿತು. ಇಣುಕಿ ನೋಡಿದರೆ ಒಳಗೆ ಕಲ್ಲಿನ ಮೇಲೆ ಕೂತಿದ್ದ ಕಪ್ಪೆಯ ಒದ್ದೆ ಬೆನ್ನಿಗೆ ತಗುಲಿತ್ತು. ಕಪ್ಪೆ ಅಲುಗಲಿಲ್ಲ. ನಾನು ಸ್ವಲ್ಪ ಪಕ್ಕಕ್ಕೆ ಜರುಗಿ ಮತ್ತೆ ಅಳೆದೆ. ನೋಡಿ, ಆಗ ನಾನು ಎಷ್ಟು ಪ್ರಾಮಾಣಿಕನಾಗಿದ್ದೆ.

ಆಮೇಲೆ ಕಂಪ್ಯೂಟರು ಬಂತು. ಅಳತೆಗಳನ್ನೆಲ್ಲ ಅದಕ್ಕೆ ಹಾಕಿದರೆ ಗ್ರಾಫು ಬರೆಯುತ್ತದೆ, ನಕ್ಷೆ ಬರೆಯುತ್ತದೆ, ಮುಂದಿನ ವರ್ಷ ನೀರು ಎಲ್ಲಿ ಇರುತ್ತದೆ ಎಂದೂ ಹೇಳುತ್ತದೆ. ಅದನ್ನು ಭೂವಿಜ್ಞಾನಿಗಳಿಗೆ ಕಲಿಸಲು ಧಾರವಾಡದ ಕಡೆಯಿಂದ ಕುಲಕರ್ಣಿ ಸರ್ ಎಂಬುವರು ಬರುತ್ತಿದ್ದರು. ತೆಳ್ಳಗಿನ ಮನುಷ್ಯ, ದಪ್ಪ ಕನ್ನಡಕ. ಬೇರೆ ಬೇರೆ ಜಿಲ್ಲೆಗಳ ಭೂವಿಜ್ಞಾನಿಗಳು ತಂತಮ್ಮ ಲ್ಯಾಪ್‌ಟಾಪಿನ ಜೊತೆ ಬಂದು ಅವರೆದುರು ಕೂರುತ್ತಿದ್ದರು.

ಮೊದಲ ಶಿಬಿರ ಮದ್ದೂರಿನಲ್ಲಿ. ನಾನು ಮಾಡಿದ ದೊಡ್ಡ ತಪ್ಪೆಂದರೆ ಬೆಳಗಿನ ಟೀ ಜೊತೆ ಬಿಸಿಬಿಸಿ ವಡೆ ತರಿಸಿದ್ದು. ವಡೆ ತಿಂದ ಕೈಯಲ್ಲೇ ಎಲ್ಲರೂ ಮೌಸು ಹಿಡಿದರು. ಕುಲಕರ್ಣಿ ಸರ್ ಇಲ್ಲಿ ಒತ್ತಿ ಎಂದರೆ ಬಾಣದ ಗುರುತು ಜಾರಿ ಇನ್ನೆಲ್ಲೋ ಹೋಗುತ್ತಿತ್ತು. ತುಮಕೂರಿನ ಅಂತರ್ಜಲ ಹಾಸನದಲ್ಲಿ ಬಂತು. ಅದು ಸಾಲದು ಎಂದು, ಆ ಸಭಾಂಗಣಕ್ಕೆ ಹೊಳಪು ಕೊಟ್ಟ ಗ್ರಾನೈಟು ಹಾಸಿದ್ದರು. ಕಲ್ಲು ಕಂಡರೆ ಭೂವಿಜ್ಞಾನಿಗಳು ಸುಮ್ಮನಿರುವ ಜಾತಿಯಲ್ಲ. ವಿರಾಮ ಮುಗಿಸಿ ಬಂದು ನೋಡಿದರೆ ಅರ್ಧ ಜನ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು, ಭೂತಗನ್ನಡಿ ಹಿಡಿದು ಜಗಳವಾಡುತ್ತಿದ್ದರು.

"ಪರದೆ ನೋಡ್ರಿ, ಪರದೆ! ನೆಲಾ ನೋಡಾಕ ನಾ ಯಾಕ್ರಿ ಬೇಕು?" ಎಂದು ಕುಲಕರ್ಣಿ ಸರ್ ಕೂಗುತ್ತಿದ್ದರು.

ಎರಡನೆಯ ಶಿಬಿರ ಮಳವಳ್ಳಿಯಲ್ಲಿ. ಜಾಗ ಸಿಗದೆ ನಾನು ಕಲ್ಯಾಣ ಮಂಟಪದ ಮಹಡಿಯನ್ನು ಗೊತ್ತು ಮಾಡಿದ್ದೆ. ಕೆಳಗೆ ಮದುವೆ ಇದೆ ಎಂದು ನನಗೆ ಯಾರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಕುಲಕರ್ಣಿ ಸರ್ ಮುಖ್ಯವಾದ ಸೂತ್ರ ಹೇಳಲು ಬಾಯಿ ತೆರೆದ ಹೊತ್ತಿಗೆ ಸರಿಯಾಗಿ ಗಟ್ಟಿಮೇಳ ಶುರುವಾಯಿತು. ಅವರ ಬಾಯಿ ಆಡುವುದು ಮಾತ್ರ ಕಾಣುತ್ತಿತ್ತು. ಎಲ್ಲರೂ ಅಂದಾಜಿನ ಮೇಲೆ ಗುಂಡಿ ಒತ್ತಿದರು. ಮಧ್ಯಾಹ್ನ ಹೆಣ್ಣಿನ ತಂದೆ ಮಹಡಿಗೆ ಬಂದು, "ಗಂಡಿನ್ ಕಡೆಯೋರು ಇಲ್ಯಾಕ್ ಕುಂತಿದ್ದೀರಿ, ಬನ್ನಿ ಊಟಕ್ಕೆ" ಎಂದು ಇಡೀ ಶಿಬಿರವನ್ನು ಕರೆದುಕೊಂಡು ಹೋದರು. ಯಾರೂ ತಿದ್ದಲಿಲ್ಲ. ಒಬ್ಬಟ್ಟು ಚೆನ್ನಾಗಿತ್ತು.

ಮರುಕ ಹುಟ್ಟಿತೋ ಇಲ್ಲವೋ ಗೊತ್ತಿಲ್ಲ. ಇನ್ನು ನನ್ನ ಪಾಪಕ್ಕೆ ಬರುತ್ತೇನೆ.

ಕೆರಗೋಡಿನ ಆಚೆ ಒಂದು ಹಳ್ಳಿಯಲ್ಲಿ ಚಿಕ್ಕತಾಯವ್ವ ಎಂಬ ಅಜ್ಜಿಯ ಹಿತ್ತಲಲ್ಲಿ ನಮ್ಮ ಪಟ್ಟಿಯ ಬಾವಿ ಇತ್ತು. ಬಾವಿಗಿಂತ ಮುಖ್ಯವಾಗಿ ಅವಳ ಮನೆಯಲ್ಲಿ ಎಮ್ಮೆ ಮಜ್ಜಿಗೆ ಇತ್ತು. ಬಿಸಿಲಲ್ಲಿ ಅಲ್ಲಿಗೆ ಹೋದವನಿಗೆ ಉಪ್ಪು, ಕರಿಬೇವು, ಜಜ್ಜಿದ ಶುಂಠಿ ಹಾಕಿ ದೊಡ್ಡ ಲೋಟದಲ್ಲಿ ಕೊಡುತ್ತಿದ್ದಳು. ಆ ಮಜ್ಜಿಗೆಯ ಮೇಲಿನ ಆಸೆಗೇ ನಾನು ಆ ಊರನ್ನು ಯಾವಾಗಲೂ ಉರಿ ಮಧ್ಯಾಹ್ನಕ್ಕೆ ಇಟ್ಟುಕೊಳ್ಳುತ್ತಿದ್ದೆ.

ಒಂದು ತಿಂಗಳು ಹೋದರೆ ಬಾವಿ ಇಲ್ಲ. ಮಣ್ಣು ತುಂಬಿ, ಮೇಲೆ ಚಪ್ಪಡಿ ಹಾಸಿ, ಕೊಟ್ಟಿಗೆ ಕಟ್ಟಿಬಿಟ್ಟಿದ್ದರು. ಬಾವಿ ಇದ್ದ ಕಡೆ ಎಮ್ಮೆ ನಿಂತು ಮೆಲುಕು ಹಾಕುತ್ತಿತ್ತು.

"ಇದ್ಯಾಕವ್ವಾ ಮುಚ್ಚಿಸ್ಬುಟ್ಟೆ?" ಎಂದೆ.

"ಯಾರ್ಲಾ ಸೇದೋರು? ಮನೆ ಬಾಗ್ಲಿಗೆ ನಲ್ಲಿ ಬಂದದೆ. ನೀನೊಬ್ಬ ಬಂದು ಇಣುಕ್ತೀಯ ಅಂತ ಬಾವಿ ಮಡೀಕಳಾಕಾಯ್ತದಾ?"

ಹೀಗಾದರೆ ಏನು ಮಾಡಬೇಕು ಎಂಬುದಕ್ಕೆ ಕ್ರಮ ಇದೆ. ಬಾವಿ ಮುಚ್ಚಿದೆ ಎಂದು ತಿಳಿಸಬೇಕು, ಹತ್ತಿರದಲ್ಲೇ ಇನ್ನೊಂದು ಬಾವಿ ಹುಡುಕಬೇಕು, ಯಜಮಾನರನ್ನು ಒಪ್ಪಿಸಬೇಕು, ಕಟ್ಟೆಗೆ ಗುರುತು ಬಳಿಯಬೇಕು. ನಾನು ಅದನ್ನೆಲ್ಲ ಯೋಚಿಸುತ್ತಾ ಕೂತಿದ್ದಾಗ ಮಜ್ಜಿಗೆ ಬಂತು. ಬಾವಿ ಬೇರೆ ಹಿತ್ತಲಿಗೆ ಹೋದರೆ ಈ ಲೋಟಕ್ಕೆ ಏನು ನೆಪ? ಈ ತಿಂಗಳು ಹೋಗಲಿ, ಮುಂದಿನ ತಿಂಗಳು ಹೇಳೋಣ ಎಂದುಕೊಂಡೆ. ಆಕಾಶ ನೋಡಿದೆ. ಮಳೆ ಬಂದು ಹೋಗಿತ್ತು. ಹಿಂದಿನ ಸಲಕ್ಕಿಂತ ಸ್ವಲ್ಪ ಮೇಲೆ ಬಂದಿದೆ ಎಂದು ಒಂದು ಅಂಕಿ ಕಳಿಸಿದೆ.

ಆ ಮುಂದಿನ ತಿಂಗಳು ವರ್ಷಗಟ್ಟಲೆ ಬರಲಿಲ್ಲ.

ಒಂದು ಮಾತು ನಂಬಿ, ನಾನು ಮನೆಯಲ್ಲಿ ಕೂತು ಅಂಕಿ ಬರೆದವನಲ್ಲ. ಪ್ರತಿ ತಿಂಗಳೂ ಬಸ್ಸು ಹಿಡಿದು ಹೋಗುತ್ತಿದ್ದೆ. ಕೊಟ್ಟಿಗೆಯ ಮುಂದೆ ನಿಂತು, ಆಕಾಶ ನೋಡಿ, ಎಮ್ಮೆಯನ್ನು ನೋಡಿ, ಮಜ್ಜಿಗೆ ಕುಡಿದು, ಆಮೇಲೆ ನಿರ್ಧರಿಸುತ್ತಿದ್ದೆ. ಮಳೆ ಬಂದರೆ ನೀರನ್ನು ಏರಿಸುತ್ತಿದ್ದೆ, ಬಿಸಿಲು ಬಂದರೆ ಇಳಿಸುತ್ತಿದ್ದೆ. ನಿಜವಾದ ಬಾವಿಗಳು ಹೇಳಿದ ಮಾತು ಕೇಳುವುದಿಲ್ಲ. ಪಕ್ಕದ ಗದ್ದೆಯವನು ಮೋಟರು ಹಾಕಿದರೆ ಧಡ್ ಎಂದು ಕುಸಿಯುತ್ತವೆ. ಚಿಕ್ಕತಾಯವ್ವನ ಬಾವಿ ಮಾತ್ರ ಬಹಳ ಚೆನ್ನಾಗಿ ನಡೆದುಕೊಂಡಿತು. ಅದನ್ನು ನಾನು ಕಷ್ಟಪಟ್ಟು ಬೆಳೆಸಿದ್ದೆ.

ನನ್ನ ನಿವೃತ್ತಿ ಹತ್ತಿರ ಬಂದಿದ್ದಾಗ ಮಂಡ್ಯದಲ್ಲೇ ಒಂದು ಶಿಬಿರ ನಡೆಯಿತು. ಅದಕ್ಕೆ ನಮ್ಮ ಕಚೇರಿಯಿಂದ ಸುಮತಿ ಮೇಡಂ ಸೇರಿದ್ದರು. ಮಳವಳ್ಳಿ ಕಡೆಯ ಹುಡುಗಿ, ಭೂವಿಜ್ಞಾನ ಓದಿ ಕೆಲಸಕ್ಕೆ ಬಂದವರು. ಆದರೆ ನಮ್ಮ ಸಾಹೇಬರು ಅವರನ್ನು ಟಪಾಲಿಗೆ ಉತ್ತರ ಬರೆಯಲು ಕೂರಿಸಿದ್ದರು. ಜೀಪಿನಲ್ಲಿ ಹಳ್ಳಿ ಸುತ್ತುವ ಕೆಲಸ ಯಾವಾಗ ಕೇಳಿದರೂ "ನೋಡೋಣಮ್ಮ" ಎನ್ನುತ್ತಿದ್ದರು. ಈ ಸಲ ಬೆಂಗಳೂರಿನಿಂದ ಹಿರಿಯ ಅಧಿಕಾರಿಯೊಬ್ಬರು ಕೊನೆಯ ದಿನ ಬರುವವರಿದ್ದರು. ಒಬ್ಬೊಬ್ಬರೂ ತಾವು ಕಂಡುಹಿಡಿದ ಒಂದು ವಿಷಯವನ್ನು ಅವರೆದುರು ಮಂಡಿಸಬೇಕು. ಚೆನ್ನಾಗಿ ಮಂಡಿಸಿದರೆ ಹಳ್ಳಿ ಸುತ್ತುವ ಕೆಲಸ, ಇಲ್ಲದಿದ್ದರೆ ಮತ್ತೆ ಟಪಾಲು. ಸುಮತಿ ಮೇಡಂ ಇದನ್ನು ನನಗೇ ಹೇಳಿದ್ದರು. "ಇದೊಂದು ಸಲ ನೆಟ್ಟಗಾಗ್ಬಿಟ್ರೆ ಸಾಕು, ಮರಿಸ್ವಾಮಣ್ಣ" ಎಂದಿದ್ದರು.

ಮೊದಲ ದಿನ ಕುಲಕರ್ಣಿ ಸರ್ ನಮ್ಮ ಜಿಲ್ಲೆಯ ಬಾವಿಗಳ ಈಚಿನ ವರ್ಷಗಳ ಅಳತೆಗಳನ್ನೆಲ್ಲ ಸಾಫ್ಟ್‌ವೇರಿಗೆ ಹಾಕಿಸಿದರು. ಗ್ರಾಫುಗಳು ಒಂದೊಂದಾಗಿ ಪರದೆಯ ಮೇಲೆ ಬಂದವು. ಎಲ್ಲವೂ ಕೋಳಿ ಕೆದಕಿದ ಹಾಗೆ. ಥಟ್ಟನೆ ಒಂದು ಗ್ರಾಫು ಬಂತು. ದೇವರೇ, ಎಷ್ಟು ಚೆಂದ! ಮಳೆಗಾಲಕ್ಕೆ ಮೆಲ್ಲಗೆ ಏರಿ, ಬೇಸಿಗೆಗೆ ಮೆಲ್ಲಗೆ ಇಳಿದು, ನುಣುಪಾಗಿ ಹರಿಯುತ್ತಿತ್ತು.

ಕುಲಕರ್ಣಿ ಸರ್ ಕುರ್ಚಿಯಿಂದ ಎದ್ದರು. "ಯಪ್ಪಾ! ಇದು ಬಾವಿ ನೋಡ್ರಿ! ಪುಸ್ತಕದಾಗ ಸುದ್ದಾ ಹಿಂಗ ಇರಂಗಿಲ್ಲ. ಯಾರ್ರಿ ಅಳತಿ ಮಾಡಿದವರು?"

ಎಲ್ಲರೂ ನನ್ನ ಕಡೆ ತಿರುಗಿ ಚಪ್ಪಾಳೆ ತಟ್ಟಿದರು. ನಾನು ಟೀ ತಟ್ಟೆ ಹಿಡಿದು ನಿಂತಿದ್ದೆ. ಈಗ ಹೇಳಲು ನಾಚಿಕೆಯಾಗುತ್ತದೆ, ನಾನು ತಲೆ ಬಾಗಿಸಿ ನಮಸ್ಕಾರ ಮಾಡಿದೆ.

ಎರಡನೆಯ ದಿನ ಸುಮತಿ ಮೇಡಂ ಕೈ ಎತ್ತಿದರು. "ಸರ್, ಇದರಲ್ಲಿ ಒಂದು ವಿಚಿತ್ರ ಇದೆ. ಇದು ನಾಲೆ ಬಯಲಿನ ಬಾವಿ. ನಾಲೆಗೆ ನೀರು ಬಿಟ್ಟ ಕೂಡಲೇ ಸುತ್ತಲಿನ ಎಲ್ಲ ಬಾವಿಗಳೂ ಏರಿವೆ, ಮಳೆ ಇಲ್ಲದಿದ್ದರೂ. ಇದೊಂದು ಬಾವಿಗೆ ಮಾತ್ರ ನಾಲೆಗೆ ನೀರು ಬಿಟ್ಟಿದ್ದೇ ಗೊತ್ತಾಗಿಲ್ಲ."

ನಮ್ಮ ಕಡೆ ಹುಟ್ಟಿದ ಕೂಸಿಗೂ ಗೊತ್ತು, ನಾಲೆಗೆ ನೀರು ಬಿಟ್ಟರೆ ಬಾವಿ ಉಕ್ಕುತ್ತದೆ. ನಾನು ಬರೀ ಆಕಾಶ ನೋಡಿದ್ದೆ. ನಾಲೆಯನ್ನು ಮರೆತೇಬಿಟ್ಟಿದ್ದೆ. ಮಂಡ್ಯದವನಾಗಿ!

ಕುಲಕರ್ಣಿ ಸರ್ ಪರದೆಯ ಹತ್ತಿರ ಮೂಗು ತಂದರು. "ಹಂಗಾದ್ರ ನಾಲಿಗೂ ಬಾವಿಗೂ ನಡುವ ಏನೋ ಅಡ್ಡ ಐತಿ. ನೆಲದ ಒಳಗ ಕರಿಕಲ್ಲಿನ ಗ್ವಾಡಿ!"

ಅಷ್ಟು ಸಾಕಾಯಿತು. ಎಲ್ಲರೂ ಸೇರಿ ನೆಲದೊಳಗೆ ಗೋಡೆ ಕಟ್ಟತೊಡಗಿದರು. ಒಬ್ಬರು ಅದಕ್ಕೆ ಉದ್ದ ಕೊಟ್ಟರು, ಇನ್ನೊಬ್ಬರು ಅಗಲ ಕೊಟ್ಟರು. ಸಂಜೆಯ ಹೊತ್ತಿಗೆ ಆ ಗೋಡೆ ಕೆರಗೋಡಿನಿಂದ ಹೊರಟು ನಕ್ಷೆಯ ಅಂಚಿನವರೆಗೆ ಹೋಗಿತ್ತು. ಸುಮತಿ ಮೇಡಂ ಮುಖ ದೀಪದ ಹಾಗಾಗಿತ್ತು. "ಮರಿಸ್ವಾಮಣ್ಣ, ಇದನ್ನೇ ಮಂಡಿಸ್ತೀನಿ. ಸಾಹೇಬ್ರು ಇನ್ನು ನೋಡೋಣಮ್ಮ ಅನ್ನೋಕಾಗಲ್ಲ."

ಆಗಲೇ ಹೇಳಬೇಕಿತ್ತು. ಬಾಯಿ ತೆರೆದೆ. "ಮೇಡಂ, ಟೀ ತರ್ಲಾ?" ಎಂಬ ಮಾತು ಬಂತು.

ಮೂರನೆಯ ದಿನ ಬಾವಿಯನ್ನು ಕಣ್ಣಾರೆ ನೋಡಲು ಇಡೀ ಶಿಬಿರ ಬಸ್ಸಿನಲ್ಲಿ ಹೊರಟಿತು. ಡ್ರೈವರ್ ಸಿದ್ದರಾಜು ನನ್ನ ಗೆಳೆಯ. ಮುಂದೆ ಹೋಗಿ ಅವನ ಪಕ್ಕ ಕೂತು, "ಲೇ, ದಾರಿ ತಪ್ಪಿಸ್ಬುಡು ಕಣ್ಲಾ" ಎಂದೆ.

"ಯಾಕ್ಲಾ? ಮಜ್ಜಿಗೆ ಕಮ್ಮಿ ಆಯ್ತದೆ ಅಂತಲಾ?"

"ಬಾವೀನೇ ಇಲ್ಲ ಕಣ್ಲಾ."

ಸಿದ್ದರಾಜು ಸ್ಟೀರಿಂಗಿನ ಮೇಲೆ ಬಿದ್ದು ನಕ್ಕ ರಭಸಕ್ಕೆ ಬಸ್ಸು ಕಬ್ಬಿನ ಗದ್ದೆಯ ಕಡೆ ವಾಲಿತು. "ದಾರಿ ತಪ್ಪಿಸಾದು ಇರ್ಲಿ, ಹತ್ರದ್ ದಾರೀಲೇ ಓಯ್ತೀನಿ. ಇದ ನೋಡ್ಬೇಕಲ್ಲಪ್ಪ ನಾನು!"

ಬೇರೆ ದಾರಿ ಇರಲಿಲ್ಲ. ಎದ್ದು ಕುಲಕರ್ಣಿ ಸರ್ ಹತ್ತಿರ ಹೋದೆ. ಕೈ ಮುಗಿದೆ. "ಸರ್, ಆ ಬಾವಿಯಲ್ಲಿ ನೀರಿಲ್ಲ."

"ಒಣಗೇತೇನ್ರಿ?" ಅವರು ಹಿಂದಕ್ಕೆ ತಿರುಗಿ ಕೂಗಿದರು. "ಕೇಳಿದ್ರೇನ್ರಿ, ಬಾವಿ ಒಣಗೇತಂತ! ಪಕ್ಕದಾಗ ನಾಲಿ ತುಂಬಿ ಹರಿಯಾಕತ್ತೇತಿ, ಬಾವಿ ಒಣಗೇತಿ! ಗ್ವಾಡಿ ಪಕ್ಕಾ ಆತು!" ಬಸ್ಸಿನಲ್ಲಿ ಚಪ್ಪಾಳೆ.

"ಹಾಗಲ್ಲ ಸರ್. ಬಾವಿಯೇ ಇಲ್ಲ."

"ಕುಸದೇತೇನು?" ಅವರ ಕಣ್ಣು ಇನ್ನೂ ಅಗಲವಾಯಿತು. "ಗ್ವಾಡಿ ಒತ್ತಡಕ್ಕ ಕುಸದಿರಬೇಕು!"

ನಿಜ ಹೇಳಿದಷ್ಟೂ ಗೋಡೆ ಗಟ್ಟಿಯಾಗುತ್ತಿತ್ತು. ನಾನು ವಾಪಸು ಬಂದು ಕೂತೆ. ಸಿದ್ದರಾಜು ಕಣ್ಣೀರು ಒರೆಸಿಕೊಳ್ಳುತ್ತಾ ಬಸ್ಸು ಓಡಿಸುತ್ತಿದ್ದ.

ಚಿಕ್ಕತಾಯವ್ವ ಬಾಗಿಲಲ್ಲೇ ಇದ್ದಳು. ಅಷ್ಟು ಜನ ಇಳಿದದ್ದು ಕಂಡು, "ಲೇ ಮರಿಸಾಮಿ, ಇಷ್ಟ್ ಜನಕ್ಕೆ ಎಲ್ಲಿಂದ್ ತರಾನ್ಲಾ ಮಜ್ಜಿಗೆಯ?" ಎಂದಳು. ನಾನು ಓಡಿಹೋಗಿ ಅವಳ ಕಿವಿಯಲ್ಲಿ, "ಅವ್ವಾ, ಬಾವಿ ಮೊನ್ನೆ ಮುಚ್ಚಿಸ್ದೆ ಅಂದ್ಬುಡು, ನಿನ್ನ ಕಾಲಿಗ್ ಬೀಳ್ತೀನಿ" ಎಂದೆ. ಅವಳ ಕಿವಿ ಸರಿಯಾಗಿದೆ. ದನಿ ತಗ್ಗಿಸುವುದು ಮಾತ್ರ ಅವಳಿಗೆ ಹುಟ್ಟಿನಿಂದ ಬಂದಿಲ್ಲ.

"ಮೊನ್ನೆನಾ? ಮೊನ್ನೆ ಮುಚ್ಚಿಸಿದ್ ಬಾವಿ ಮ್ಯಾಲೆ ನಮ್ ಎಮ್ಮೆ ಮೂರ್ ಕರ ಹಾಕ್ಬುಡ್ತಾ?"

ಎಲ್ಲರೂ ಕೊಟ್ಟಿಗೆಯತ್ತ ನೋಡಿದರು. ಎಮ್ಮೆ ಅವರನ್ನು ನೋಡಿತು. ಆಮೇಲೆ, ನಾನು ಅಷ್ಟು ಕಾಲ ನೀರು ಏರಿಸಿ ಇಳಿಸಿದ್ದ ಆ ಜಾಗದಲ್ಲಿಯೇ, ಬಾಲ ಎತ್ತಿ ಗಂಜಲ ಹೊಯ್ದಿತು.

"ನೀರು ಇಷ್ಟೇ ಕಣ್ರಪ್ಪ ಇಲ್ಲಿ" ಎಂದಳು ಚಿಕ್ಕತಾಯವ್ವ.

ಮೊದಲು ನಕ್ಕಿದ್ದು ಸಿದ್ದರಾಜು. ಆಮೇಲೆ ಎಲ್ಲರೂ. ಕುಲಕರ್ಣಿ ಸರ್ ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡು ಮತ್ತೊಮ್ಮೆ ಎಮ್ಮೆಯನ್ನು ನೋಡಿದರು. ಸುಮತಿ ಮೇಡಂ ಮಾತ್ರ ನಗಲಿಲ್ಲ. ಸುಮ್ಮನೆ ಹಿತ್ತಲು ದಾಟಿ ನಾಲೆ ಏರಿಯ ಕಡೆ ನಡೆದುಹೋದರು.

ಅವರ ಹಿಂದೆ ಹೋದೆ. ಅವರು ಏರಿಯ ಮೇಲೆ ಕೂತು ನೀರು ನೋಡುತ್ತಿದ್ದರು. ನಾನು ಎಲ್ಲವನ್ನೂ ಹೇಳಿದೆ. ಮಜ್ಜಿಗೆಯನ್ನೂ ಬಿಡಲಿಲ್ಲ.

"ಕಣ್ಣೆದುರೇ ನಾಲೆ ಇದೆ. ಇದನ್ನ ಹೆಂಗೆ ಮರೆತ್ರಿ?"

"ಅಳೆಯೋನಾಗಿದ್ರೆ ಮರೀತಿರ್ಲಿಲ್ಲ ಮೇಡಂ. ನಾನು ಅಂಕಿ ಹುಟ್ಟಿಸ್ತಾ ಇದ್ನಲ್ಲ."

ಅವರು ಮತ್ತೆ ನಾಲೆಯ ಕಡೆ ತಿರುಗಿದರು. ಆಮೇಲೆ, "ನಾಳೆ ಬೆಳಗ್ಗೆ ಅವರು ಬರ್ತಾರೆ. ಏನು ಮಂಡಿಸ್ಲಿ ನಾನು? ಎಮ್ಮೆನಾ?" ಎಂದರು.

ನನ್ನ ಬಾಯಿಂದ ಅದು ಹೇಗೆ ಬಂತೋ ಗೊತ್ತಿಲ್ಲ. "ಎಮ್ಮೇನೇ ಮಂಡಿಸಿ ಮೇಡಂ. ಜೊತೆಗೆ ನನ್ನನ್ನೂ ಮಂಡಿಸಿ. ನಿಜವಾದ ಬಾವಿಗಳು ಎಷ್ಟೋ ಇದ್ವು, ಸುಳ್ಳು ಬಾವಿ ಇದೊಂದೇ. ಅದನ್ನೇ ನೀವು ಹಿಡಿದ್ರಿ. ಗೋಡೆ ಅಂತ ಹೆಸರು ಇಟ್ಟದ್ದಷ್ಟೇ ತಪ್ಪು, ಅದೂ ಕುಲಕರ್ಣಿ ಸರ್ ಇಟ್ಟದ್ದು."

ಅವರು ತಲೆ ಎತ್ತಿ ನನ್ನನ್ನು ನೋಡಿದರು. "ಎಲ್ರ ಮುಂದೆ ಎದ್ದು ನಿಂತ್ಕೊಂಡು ಹೇಳ್ತೀರಾ?"

"ಹೇಳ್ತೀನಿ."

"ಸಾಹೇಬ್ರು ಬಿಡಲ್ಲ ನಿಮ್ಮನ್ನ. ನಿವೃತ್ತಿ ಬೇರೆ ಹತ್ರ ಬಂದಿದೆ."

"ಬಿಡಬಾರ್ದು ಮೇಡಂ."

ಮರುದಿನ ಅವರು ಬೆಂಗಳೂರಿನ ಅಧಿಕಾರಿಯ ಎದುರು ಆ ಚೆಂದದ ಗ್ರಾಫನ್ನೇ ಹಾಕಿದರು. ಪಕ್ಕದಲ್ಲಿ ಸುತ್ತಲಿನ ಬಾವಿಗಳ ಕೋಳಿ ಕೆದಕಿದ ಗ್ರಾಫು. ನಾಲೆಗೆ ನೀರು ಬಿಟ್ಟ ಹೊತ್ತಿಗೆ ಯಾವುದು ಏರಿತು, ಯಾವುದು ಏರಲಿಲ್ಲ ತೋರಿಸಿದರು. "ಬಾವಿ ನಿಜವಾಗಿದ್ದರೆ ನಾಲೆಯ ಮಾತು ಕೇಳಲೇಬೇಕು" ಎಂದರು. ಆಮೇಲೆ ಮುಂದಿನ ಚಿತ್ರ: ಎಮ್ಮೆ. ಸಭೆ ಗೊಳ್ಳೆಂದಿತು. ನಾನು ಎದ್ದು ನಿಂತು, ಮೂಗು ಒರೆಸಿಕೊಂಡು, ನಾನು ಮಾಡಿದ್ದನ್ನು ಹೇಳಿ ಮುಗಿಸಿದೆ.

ಬೆಂಗಳೂರಿನ ಅಧಿಕಾರಿ ನಗಲಿಲ್ಲ. "ಹೀಗೆ ಬೇರೆ ಬಾವಿಗಳನ್ನೂ ಪರೀಕ್ಷೆ ಮಾಡಬಹುದಾ?" ಎಂದು ಕೇಳಿದರು.

"ಮಾಡಬಹುದು ಸರ್. ಎಲ್ಲರೂ ತಮ್ಮ ಜಿಲ್ಲೆಯ ಅಳತೆ ತಂದಿದ್ದಾರಲ್ಲ, ಈಗಲೇ ನೋಡೋಣ" ಎಂದರು ಸುಮತಿ ಮೇಡಂ.

ಆ ಕ್ಷಣದಲ್ಲಿ ನಗು ನಿಂತಿತು. ಒಬ್ಬರ ಲ್ಯಾಪ್‌ಟಾಪಿನ ಚಾರ್ಜು ಮುಗಿಯಿತು. ಇನ್ನೊಬ್ಬರಿಗೆ ಮನೆಯಿಂದ ಫೋನು ಬಂತು, ರಿಂಗಾಗದೆಯೇ ಬಂತು. ಹಿಂದಿನ ದಿನ ಎಮ್ಮೆ ನೋಡಿ ಎಲ್ಲರಿಗಿಂತ ಜೋರಾಗಿ ನಕ್ಕಿದ್ದ ಮಹನೀಯರು ವರಾಂಡದಲ್ಲಿ ನಿಂತು, "ಲೇ, ಹೋದ ತಿಂಗಳು ಬಾವಿ ಹತ್ರ ನಿಜವಾಗ್ಲೂ ಹೋಗಿದ್ಯೋ ಇಲ್ವೋ ಹೇಳೋ" ಎಂದು ಫೋನಿನಲ್ಲಿ ಯಾರಿಗೋ ಹಲ್ಲು ಕಡಿಯುತ್ತಿದ್ದರು.

ಸುಮತಿ ಮೇಡಂಗೆ ಹಳ್ಳಿ ಸುತ್ತುವ ಕೆಲಸ ಸಿಕ್ಕಿತು. ನನಗೆ ನೋಟೀಸು ಸಿಕ್ಕಿತು, ಆಮೇಲೆ ಶಿಕ್ಷೆಯೂ ಆಯಿತು. ಅದು ನ್ಯಾಯವೇ. ಕುಲಕರ್ಣಿ ಸರ್ ಊರಿಗೆ ಹೊರಡುವಾಗ ನನ್ನ ಹೆಗಲ ಮೇಲೆ ಕೈ ಇಟ್ಟು, "ಸುಳ್ಳು ಹೌದ್ರಿ ಮರಿಸ್ವಾಮಿ. ಆದ್ರ ಗ್ರಾಫ್ ಭಾಳ ಚಲೋ ಇತ್ತು" ಎಂದು ನಿಟ್ಟುಸಿರು ಬಿಟ್ಟರು. ಚಿಕ್ಕತಾಯವ್ವನ ಊರಿನಲ್ಲೇ ಬೇರೆ ಬಾವಿ ಹುಡುಕಿ, ಯಜಮಾನನನ್ನು ಒಪ್ಪಿಸಿ, ಗುರುತು ಬಳಿದು ಬಂದೆ. ಅರ್ಧ ದಿನದ ಕೆಲಸ. ಆ ಮನೆಯವರು ನೀರು ಕೂಡ ಕೊಡಲಿಲ್ಲ. ಕೊನೆಗೆ ಚಿಕ್ಕತಾಯವ್ವನೇ ಕೂಗಿ ಕರೆದಳು. "ಬಾವಿ ಇಲ್ದಿದ್ರೆ ಬರಬಾರ್ದು ಅಂತ ಯಾರ್ಲಾ ಅಂದೋರು ನಿಂಗೆ?" ಎಂದು ಲೋಟ ಕೈಗಿಟ್ಟಳು. ಅಷ್ಟು ವರ್ಷ ನಾನು ಯಾವ ನೆಪಕ್ಕೆ ಸುಳ್ಳು ಹೇಳಿದ್ದೆನೋ ಆ ನೆಪವೇ ಬೇಕಿರಲಿಲ್ಲ.

ಈಗ ಶಿಬಿರಗಳನ್ನು ನಡೆಸುವವರು ಸುಮತಿ ಮೇಡಂ. ಮೊದಲ ದಿನದ ಮೊದಲ ಪಾಠಕ್ಕೆ ನನ್ನನ್ನು ಕರೆಸುತ್ತಾರೆ. ಆ ಗ್ರಾಫು ಹಾಕಿ, ಇದರಲ್ಲಿ ತಪ್ಪೇನು ಎಂದು ಕೇಳುತ್ತಾರೆ. ಹೊಸಬರು ಯಾವಾಗಲೂ ಗೋಡೆ ಕಟ್ಟುತ್ತಾರೆ. ಆಮೇಲೆ ನಾನು ಎದ್ದು ನಿಲ್ಲುತ್ತೇನೆ. ಇನ್ನೊಂದು ಮಾತೂ ಹೇಳುತ್ತೇನೆ: ಕಚೇರಿಗೆ ಕಳಿಸುವ ನಮೂನೆಯಲ್ಲಿ ಅಂಕಿ ಬರೆಯುವ ಜಾಗದ ಪಕ್ಕದಲ್ಲೇ "ಅಳತೆ ಆಗಲಿಲ್ಲ" ಎಂಬ ಇನ್ನೊಂದು ಜಾಗ ಇದೆ. ಅಷ್ಟು ವರ್ಷದ ಸರ್ವೀಸಿನಲ್ಲಿ ನಾನು ಅದನ್ನು ಒಂದು ಸಲವೂ ಮುಟ್ಟಿರಲಿಲ್ಲ. ಬಳಸಿದರೆ ಯಾರೋ ಬೈಯುತ್ತಾರೆ ಎಂದುಕೊಂಡಿದ್ದೆ. ಯಾರೂ ಬೈಯುತ್ತಿರಲಿಲ್ಲ.

ಮೊನ್ನೆಯ ಶಿಬಿರದಲ್ಲಿ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದಳು: "ಸರ್, ಆ ಕೊಟ್ಟಿಗೆ ಕೆಳಗೆ ಈಗ ನೀರು ಎಷ್ಟು ಆಳದಲ್ಲಿರಬಹುದು?"

ಹಿಂದಿನ ರಾತ್ರಿ ಮಳೆ ಬಂದಿತ್ತು. ನಾಲೆಗೂ ನೀರು ಬಿಟ್ಟಿದ್ದರು. ನನ್ನ ನಾಲಿಗೆಯ ತುದಿಗೆ ಅಂಕಿ ತಾನಾಗಿಯೇ ಬಂದು ಕೂತಿತು, ದಶಮಾಂಶದ ಸಮೇತ. ಸುಮತಿ ಮೇಡಂ ನನ್ನನ್ನೇ ನೋಡುತ್ತಿದ್ದರು.

"ಗೊತ್ತಿಲ್ಲ ಕಣವ್ವ" ಎಂದೆ.

ಮೇಡಂ ನಕ್ಕು ಮುಂದಿನ ಚಿತ್ರಕ್ಕೆ ಹೋದರು. ಆದರೂ ನೀವು ಕೇಳುವುದಾದರೆ, ಈ ಸಲದ ಮಳೆಗೆ, ನಾಲೆಯ ನೀರೂ ಸೇರಿ, ನನ್ನ ಅಂದಾಜಿನಲ್ಲಿ ಅದು ಸುಮಾರು— ಬೇಡ, ಬುಡಿ.